ಇತರೆ

ನಗರಪಾಲಿಕೆಯ ಎದುರು, ಬಾದಾಮಿ ಮರದ ಬುಡಕ್ಕೆ
ನನ್ನ ಝೆರಾಕ್ಸ್ ಅಂಗಡಿ.
ವಾಸ್ಕೊ ಬಂದರಿನ ಕಲ್ಲಿದ್ದಲ ಪುಡಿ ಗಾಳಿಯಲ್ಲಿ ಬಂದು
ಗಾಜಿನ ಮೇಲೆ ಕೂರುತ್ತದೆ; ಒರೆಸದಿದ್ದರೆ
ಎಲ್ಲರ ಆಧಾರ್ ಕಾರ್ಡಿನ ಮುಖಕ್ಕೂ ಮಚ್ಚೆ.

ಈ ವಾರ ಅರ್ಜಿಯ ಸುಗ್ಗಿ.
ಮನೆ ತೂಗಿಸಲಾರದವರಿಗೆ ಪಾಲಿಕೆಯಿಂದ
ತಿಂಗಳಿಗೆ ಸಾವಿರದಿನ್ನೂರು.
ಫಾರ್ಮು ಕೊಂಕಣಿಯಲ್ಲಿದೆ, ಮರಾಠಿಯಲ್ಲಿದೆ, ಇಂಗ್ಲಿಷಿನಲ್ಲಿದೆ;
ಕನ್ನಡದಲ್ಲಿ ನಾನಿದ್ದೇನೆ.
ಬರೆದುಕೊಟ್ಟರೆ ಇಪ್ಪತ್ತು, ಗುರುತಿನವರಿಗೆ ಹತ್ತು.

ಫಕೀರವ್ವ ಬಂದಳು, ತಲೆಯ ಬುಟ್ಟಿ ಇಳಿಸದೆ.
ಮುಂಡರಗಿ ಕಡೆಯವಳು. ಮೀನಿನ ಸಾಲು ಮುಗಿಯುವಲ್ಲಿ ಕೂತು
ಪುಂಡಿಪಲ್ಲೆ, ತಾಂಬಡಿ ಭಾಜಿ, ಹಬ್ಬ ಬಂದರೆ ಚೆಂಡು ಹೂವು.
"ಬರಿ ತಂಗಿ. ನಾ ಹೇಳತೀನಿ, ನೀ ಸುಳ್ಳ ಸೇರಿಸಬ್ಯಾಡ."

ಬಾಡಿಗೆ? ಮೂರೂವರೆ ಸಾವಿರ, ಝುವಾರಿನಗರದ ತಗಡಿಗೆ.
ಗ್ಯಾಸು? ಅರ್ಧ ತಿಂಗಳು ಗ್ಯಾಸು, ಅರ್ಧ ಕಟ್ಟಿಗೆ.
ಕರೆಂಟು? ಮಾಲಕನ ಮೀಟರು, ಅವನ ಬಾಯಿಗೆ ಬಂದಷ್ಟು.
ಇತರೆ?
"ಇತರೆ ಅಂದ್ರ ಏನವಾ?"
ಉಳಿದದ್ದೆಲ್ಲಾ, ಅಂದೆ.
ಆಗ ಬುಟ್ಟಿ ಇಳಿಸಿದಳು.

ಮಗನ ಸೊಂಟದ ಬೆಲ್ಟು, ಮೊಮ್ಮಗಳ ಕಂಪಾಸು,
ಬಾಣಂತಿ ನೋಡಲು ಒಯ್ದ ಕೊಬ್ಬರಿ ಬಟ್ಟಲು,
ಟ್ಯಾಂಕರು ಬಾರದ ದಿನ ಕೊಂಡ ನಾಲ್ಕು ಕೊಡ ನೀರು.
"ಮತ್ತ ಒಂದ ಸಿನಿಮಾ, ಹ್ವಾದ ವರ್ಷ. ಬರಿ ಅದನ್ನೂ."
ಫಾರ್ಮಿನಲ್ಲಿ ಇತರೆಯ ಚೌಕ
ಹೆಬ್ಬೆರಳ ಉಗುರಿನಷ್ಟಿತ್ತು.

ಕೊನೆಯ ಪುಟ: ಹದಿನೈದು ವರ್ಷ
ಈ ಊರಲ್ಲೇ ಇದ್ದುದಕ್ಕೆ ಪುರಾವೆ.
ಬಾಡಿಗೆ ಕರಾರು ಇಲ್ಲ, ಮೀಟರು ತನ್ನದಲ್ಲ.
ಬುಟ್ಟಿಯ ತಳದಿಂದ ಬಿಸ್ಕತ್ತಿನ ಡಬ್ಬಿ ಬಂತು:
ಸೊಪೊ ರಸೀದಿಗಳು. ಮಾರ್ಕೆಟ್ಟಿನ ನೆಲದಲ್ಲಿ ಕೂತದ್ದಕ್ಕೆ
ದಿನಕ್ಕೆ ಐದು, ಆಮೇಲೆ ಹತ್ತು,
ಪಾಲಿಕೆಯೇ ಕೈಯಾರೆ ಹರಿದುಕೊಟ್ಟದ್ದು.
ವರ್ಷಕ್ಕೊಂದು ಕಟ್ಟು, ಕಟ್ಟಿಗೊಂದು ಸೀರೆಯಂಚಿನ ದಾರ.

ಕೌಂಟರಿನಲ್ಲಿ ಫುರ್ತಾದೊ ಬಾಯ್ ಒಂದೊಂದೇ ಬಿಚ್ಚಿದಳು.
ಹಳೆಯವು ಗುಲಾಬಿ ಕಾಗದ; ಮಸಿ ಗಟ್ಟಿ, ಮೊಹರು ದುಂಡಗೆ.
ಆಮೇಲೆ ಮಷೀನು ಬಂದಿತ್ತು, ಅದರ ನುಣುಪು ಚೀಟಿ ಬಂದಿತ್ತು.
ಆರು ವರ್ಷದ ಚೀಟಿ ಬಿಳಿ.
ಬರೀ ಬಿಳಿ.

"ಮೊದಲು ಇದ್ದಳು, ಸರಿ. ನಿನ್ನೆಯೂ ಇದ್ದಳು, ಸರಿ.
ನಡುವಿನ ಆರು ವರ್ಷ ಎಲ್ಲಿದ್ದಳು?"
ಬಾಯ್ ಕೆಟ್ಟವಳಲ್ಲ. ನಾತಾಳಕ್ಕೆ ನನಗೆ ಬಿಬಿಂಕಾ ಕೊಡುವವಳು.
ಅವಳ ಕುರ್ಚಿಯ ಪಕ್ಕದ ಚೀಲದಿಂದ
ತಾಂಬಡಿ ಭಾಜಿಯ ಕೆಂಪು ದಂಟು ಇಣುಕುತ್ತಿತ್ತು.
ಫಕೀರವ್ವ ಅದನ್ನೇ ನೋಡುತ್ತ ಹೇಳಿದಳು:
"ಅವರ ಅಡಗಿಮನಿನ ಕೇಳಂತ ಹೇಳ."
ಅದನ್ನು ನಾನು ಕೊಂಕಣಿಗೆ ತರಲಿಲ್ಲ.

ಬದಲಿಗೆ ಚೀಟಿಗಳನ್ನು ಅಂಗಡಿಗೆ ತಂದು
ಲ್ಯಾಮಿನೇಷನ್ ಮಷೀನಿನ ಬಿಸಿಗೆ ಹಿಡಿದೆ.
ಅಂಥ ಕಾಗದ ಶಾಖಕ್ಕೆ ಕಪ್ಪಾಗುತ್ತದೆ, ಕೆಲವೊಮ್ಮೆ
ಅಳಿದ ಅಕ್ಷರ ಆ ಕಪ್ಪಿನೊಳಗೆ ಬೆಳ್ಳಗೆ ಏಳುತ್ತದೆ,
ಇದ್ದಿಲ ಮೇಲಿನ ಬೂದಿಯ ಹಾಗೆ.
ಹನ್ನೊಂದು ಸುಮ್ಮನೆ ಕಪ್ಪಾದವು.
ಮೂರರಲ್ಲಿ ತಾರೀಕು ಎದ್ದಿತು.
ಬಾಯ್ ಮೂರನ್ನೂ ಪಿನ್ನು ಮಾಡಿ, "ನೋಡೋಣ" ಅಂದಳು.
ಪುರಾವೆ ಕೇಳದೆ ಪಾಲಿಕೆ ಕೊಡುವುದು ಅದೊಂದನ್ನೇ.

ಅಂದಿನಿಂದ ದಿನಾ ಸಂಜೆ ಬರುತ್ತಾಳೆ,
ಅಂಗೈಯಲ್ಲಿ ಇನ್ನೂ ಬೆಚ್ಚಗಿನ ರಸೀದಿ.
"ತೆಗಿ ಲಗೂನ, ಆರೂದ್ರಾಗ."
ರಸೀದಿಗೆ ಹತ್ತು, ಅದರ ನೆರಳಿಗೆ ಎರಡು.
ಬೇಡ ಅಂದರೆ ನಾಣ್ಯ ಗಾಜಿಗೆ ಬಡಿಯುತ್ತಾಳೆ:
"ಸುಮ್ನ ತಗೊ. ಲೆಕ್ಕಕ್ಕಿರಲಿ."

ತಿಂಗಳಿಗೆ ಅರವತ್ತಾಯಿತು.
ನನ್ನಲ್ಲಿರುವ ಅವಳ ಅರ್ಜಿಯ ಪ್ರತಿಯಲ್ಲಿ,
ಆ ಉಗುರಿನಷ್ಟು ಚೌಕದಲ್ಲಿ,
ಸಿನಿಮಾವನ್ನು ತುಸು ಒತ್ತರಿಸಿ ಬರೆದೆ:
ಇಲ್ಲೇ ಇದ್ದೇನೆ ಎಂಬುದಕ್ಕೆ — ಅರವತ್ತು.